ಎಡ ಅಂಚು ಮೇಲೆ

ಸೊಮೆಯಾ ಕಿನುಕೊ ಅವರ ಬಗ್ಗೆ ಬರೆಯೋಣ ಎಂದು ಕೂತಾಗಲೆಲ್ಲ ನನಗೆ ಮೊದಲು ಬರುವುದು ಸಿಟ್ಟು. ಗೌರವ ಆಮೇಲೆ ಬರುತ್ತದೆ, ಅದೂ ತಡವಾಗಿ, ಕಾಲೆಳೆದುಕೊಂಡು. ಇಪ್ಪತ್ತನಾಲ್ಕು ವರ್ಷ ಒಂದೇ ಕಟ್ಟಡದಲ್ಲಿ ಕೆಲಸ ಮಾಡಿದ್ದೇವೆ. ಅವರು ನನ್ನ ತಲೆ ತಿನ್ನದ ದಿನ ಯಾವುದು ಎಂದು ಹುಡುಕಿದರೆ, ಹಲ್ಲು ಕೀಳಿಸಿಕೊಳ್ಳಲು ಅವರು ರಜೆ ಹಾಕಿದ್ದ ಎರಡು ದಿನ ಸಿಕ್ಕೀತು.

ನಮ್ಮದು ನೆರಿಮಾದಲ್ಲಿ, ರೈಲು ಹಳಿಯ ಪಕ್ಕದ ಮೂರು ಮಹಡಿಯ ಕಟ್ಟಡ. ಹಿಂದುಗಡೆ ಎಲೆಕೋಸಿನ ಹೊಲ. ಇಲ್ಲಿ ನಾವು 'ದೋಣಿಯಿಲ್ಲದ ರೈಗೊರೊ' ಎಂಬ ಕಾರ್ಟೂನ್ ಧಾರಾವಾಹಿ ಮಾಡುತ್ತೇವೆ. ಇಪ್ಪತ್ತಮೂರು ವರ್ಷದಿಂದ ಪ್ರತಿ ಶನಿವಾರ ಸಂಜೆ ಟೀವಿಯಲ್ಲಿ ಬರುತ್ತಿದೆ. ರೈಗೊರೊ ಹಳೇ ಕಾಲದ ಒಬ್ಬ ಅಂಬಿಗ. ದೋಣಿ ಕಳೆದುಕೊಂಡಿದ್ದಾನೆ, ಹುಟ್ಟೊಂದನ್ನು ಮಾತ್ರ ಉಳಿಸಿಕೊಂಡಿದ್ದಾನೆ. ಆ ಹುಟ್ಟಿನಲ್ಲೇ ಕಳ್ಳರನ್ನೂ ಭೂತಗಳನ್ನೂ ಲಂಚಕೋರ ಅಧಿಕಾರಿಗಳನ್ನೂ ಬಡಿಯುತ್ತಾನೆ. ಬಡಿದು ಮುಗಿದ ಮೇಲೆ ಹೊಳೆಯಂಚಿನಲ್ಲಿ ನಿಂತ ಬಡಪಾಯಿಯ ಕಡೆ ತಿರುಗಿ, "ಬಾ, ದಾಟಿಸ್ತೀನಿ" ಅನ್ನುತ್ತಾನೆ. ಆ ಮಾತು ಕೇಳಿ ಬೆಳೆದ ಮಕ್ಕಳು ಈಗ ಮಕ್ಕಳ ತಂದೆತಾಯಿಗಳಾಗಿದ್ದಾರೆ.

ನನ್ನ ಕೆಲಸ ಎಲ್ಲರ ಬೆನ್ನ ಹಿಂದೆ ಬಿದ್ದು ಹೇಳಿದ ದಿನಕ್ಕೆ ಕೆಲಸ ಮುಗಿಸುವುದು. ಸೊಮೆಯಾ-ಸಾನ್ ಕೆಲಸ, ನನ್ನ ಲೆಕ್ಕದಲ್ಲಿ, ಅದು ಮುಗಿಯದಂತೆ ನೋಡಿಕೊಳ್ಳುವುದು. ದೊಡ್ಡ ಚಿತ್ರಗಾರರು ಒಂದು ದೃಶ್ಯದ ಮುಖ್ಯ ಭಂಗಿಗಳನ್ನಷ್ಟೇ ಬರೆದುಕೊಡುತ್ತಾರೆ. ಕೈ ಎತ್ತಿದ್ದು ಒಂದು, ಹೊಡೆದದ್ದು ಒಂದು. ನಡುವಿನ ಹತ್ತಾರು ಹಾಳೆಗಳನ್ನು ಉಳಿದವರು ತುಂಬುತ್ತಾರೆ. ಆ ನಡುವಿನ ಹಾಳೆಗಳನ್ನು ಒಂದೊಂದಾಗಿ ನೋಡಿ ಸರಿ ಎನ್ನಬೇಕಾದವರು ಇವರು. ಐದು ಹಾಳೆಗಳನ್ನು ಐದು ಬೆರಳ ಸಂದಿಗೆ ಸಿಕ್ಕಿಸಿಕೊಂಡು ಟಪಟಪ ಹೊರಳಿಸಿ ನೋಡುತ್ತಾರೆ. ಸರಿಯಿದ್ದರೆ ಮಾತಿಲ್ಲ. ಸರಿಯಿಲ್ಲದಿದ್ದರೆ ದೃಶ್ಯದ ಲಕೋಟೆಯ ಮೇಲೆ ಹಳದಿ ಚೀಟಿ ಅಂಟಿಸುತ್ತಾರೆ.

ಆ ಹಳದಿ ಚೀಟಿಗಳು. "ಈ ಕೈ ಯಾರದು?" "ಹೊಳೆ ಎಡಕ್ಕೆ ಹರಿಯುತ್ತಿತ್ತು, ಯಾರು ತಿರುಗಿಸಿದರು?" "ಏಳನೇ ಹಾಳೆಯಲ್ಲಿ ರೈಗೊರೊಗೆ ಸುಸ್ತಾಗಿದೆ. ಎಂಟರಲ್ಲಿ ಇಲ್ಲ. ನಡುವೆ ಊಟ ಮಾಡಿದನೇ?" ನಲವತ್ತನೇ ಕಂತಿನಲ್ಲಿ ರೈಗೊರೊನ ಎಡಗಿವಿಯ ತುದಿ ಹಾರಿಹೋಗಿತ್ತು. ಅದಾದ ಒಂಬತ್ತು ವರ್ಷದ ಮೇಲೆ ಯಾರೋ ಮರೆತು ಪೂರ್ತಿ ಕಿವಿ ಬರೆದರು. ಅರವತ್ತು ಹಾಳೆ ಒಂದೇ ಏಟಿಗೆ ವಾಪಸ್ಸು. ಚೀಟಿಯಲ್ಲಿ, "ಕಿವಿ ಮತ್ತೆ ಚಿಗುರಿತೇ?" ಕೊನೆಕೊನೆಗೆ ನಾನು ಚೀಟಿ ಓದುವುದನ್ನೇ ಬಿಟ್ಟಿದ್ದೆ. ಕಿತ್ತು ಬುಟ್ಟಿಗೆ ಹಾಕಿ, ಲಕೋಟೆಯನ್ನು ಬರೆದವರ ಮೇಜಿಗೆ ಒಯ್ದು, "ಮತ್ತೆ ಬರೀರಿ, ಯಾಕೆ ಅಂತ ಅಜ್ಜೀನ ಕೇಳಿ" ಅನ್ನುತ್ತಿದ್ದೆ.

ಅವರಿಗೆ ಹೋದ ವರ್ಷ ಅರವತ್ತಮೂರು. ಮದುವೆಯಾಗಿರಲಿಲ್ಲ. ಮಧ್ಯಾಹ್ನ ಸರಿಯಾಗಿ ಹನ್ನೆರಡಕ್ಕೆ ಹುಳಿ ಉಪ್ಪಿನಕಾಯಿ ಹುದುಗಿಸಿದ ಅನ್ನದುಂಡೆ ಎರಡು, ಬಾರ್ಲಿ ಚಹಾ ಒಂದು ಲೋಟ. ತಿನ್ನುವಾಗಲೂ ಎಡಗೈ ಹಾಳೆ ಹೊರಳಿಸುತ್ತಿರುತ್ತಿತ್ತು. ನಲವತ್ತಾರು ವರ್ಷದ ನನ್ನನ್ನು ಆಗಲೂ, ಸೇರಿದ ದಿನ ಕರೆದ ಹಾಗೆ, ಗೌರವದ 'ಸಾನ್' ಬಿಟ್ಟು ಹುಡುಗರಿಗೆ ಹಚ್ಚುವ 'ಕುನ್' ಹಚ್ಚಿ "ನಾಗುಮೊ-ಕುನ್" ಎಂದೇ ಕರೆಯುತ್ತಿದ್ದರು. ನನ್ನ ಕೈಕೆಳಗೆ ಹನ್ನೊಂದು ಜನ ಇದ್ದಾರೆ ಎಂಬುದು ಅವರ ಗಮನಕ್ಕೆ ಬಂದಂತೆ ಇರಲಿಲ್ಲ.

ಇಂಥವರ ಮೇಜಿನ ಪಕ್ಕ ಸ್ಟೂಲು ಎಳೆದುಕೊಂಡು ಕೂರುವ ಧೈರ್ಯವಿದ್ದದ್ದು ಒಬ್ಬರಿಗೇ. ಹಿರುಮಾ ಶೋಸಾಕು, ರೈಗೊರೊನ ದನಿ. ಮೊದಲ ಕಂತಿನಿಂದ ಅವರೇ. ಚಳಿಗಾಲ ಬಂತೆಂದರೆ ಬಿಸಿ ಸುಟ್ಟ ಗೆಣಸನ್ನು ಪೇಪರಿನಲ್ಲಿ ಸುತ್ತಿಕೊಂಡು ಬರುತ್ತಿದ್ದರು. ಎಲ್ಲರಿಗೂ ಕೊಟ್ಟು, ಕೊನೆಗೆ ಸೊಮೆಯಾ-ಸಾನ್ ಹತ್ತಿರ ಕೂತು ರೈಗೊರೊನ ಬಾಯಿಯ ಚಿತ್ರಗಳನ್ನು ನೋಡುತ್ತಿದ್ದರು.

"ಇಲ್ಲಿ ಬಾಯಿ ಇಷ್ಟಗಲ ತೆಗೆದಿದ್ದೀರಲ್ಲ, ನಾನು ಅಷ್ಟು ಕೂಗಿರಲಿಲ್ಲ."

"ಕೂಗಬೇಕಿತ್ತು."

"ಗಂಟಲು ನಂದು ತಾಯಿ."

"ಬಾಯಿ ನಂದು."

ಇಬ್ಬರೂ ನಗುತ್ತಿರಲಿಲ್ಲ. ಆದರೆ ಗೆಣಸಿನ ಸಿಪ್ಪೆ ಸುಲಿದು ಕೊಡುತ್ತಿದ್ದದ್ದು ಹಿರುಮಾ ಅವರೇ, ಸೊಮೆಯಾ-ಸಾನ್ ಬೆರಳು ಅಂಟಾದರೆ ಹಾಳೆ ಹಾಳಾಗುತ್ತದೆ ಎಂದು.

ಹೋದ ವರ್ಷ ರೈಗೊರೊನ ಮೊದಲ ಸಿನಿಮಾ ಮಾಡುವುದೆಂದಾಯಿತು. ನಿರ್ದೇಶಕ ಉಶಿಜಿಮಾ. ಹೊರಗಿನಿಂದ ಬಂದವನು, ಮೂವತ್ತೊಂಬತ್ತು ವರ್ಷ, ಒಳ್ಳೇ ಕೈ, ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನ ನೆನಪಿರದ ತಲೆ. ಕೊನೆಯ ಕಾಳಗದಲ್ಲಿ ರೈಗೊರೊ ಬೆಂಕಿ ಬಿದ್ದ ಸೇತುವೆಯ ಮೇಲೆ ಮರೆಯಾಗುತ್ತಾನೆ. ಸೇತುವೆ ಕುಸಿಯುತ್ತದೆ. ಆಮೇಲೆ ಹೊಗೆ, ಮೌನ. ಆ ಹೊಗೆಯೊಳಗಿಂದ ನಡೆದು ಬಂದು ರೈಗೊರೊ ತನ್ನ ಆ ಒಂದು ಮಾತು ಹೇಳುತ್ತಾನೆ. ಅದು ೧೦೮೬ನೇ ದೃಶ್ಯ. ಒಂಬತ್ತು ಸೆಕೆಂಡು, ನೂರನಾಲ್ಕು ಹಾಳೆ.

ಹಿರುಮಾ ತಮ್ಮ ಮಾತುಗಳನ್ನು ಏಪ್ರಿಲ್‌ನಲ್ಲೇ ಹೇಳಿ ಮುಗಿಸಿದ್ದರು. ಚಿತ್ರ ಆಗಿನ್ನೂ ಆಗಿರಲಿಲ್ಲ, ಪೆನ್ಸಿಲ್ ಗೀಟುಗಳನ್ನು ನೋಡಿಕೊಂಡು ಹೇಳಿದ್ದರು. ಜುಲೈನಲ್ಲಿ ಆಸ್ಪತ್ರೆ ಸೇರಿದರು. ನಾನು ಸೊಮೆಯಾ-ಸಾನ್ ಅವರನ್ನು ಕಂಪನಿಯ ಕಾರಿನಲ್ಲಿ ಕರೆದುಕೊಂಡು ಹೋದೆ. ಅವರು ಹೊರಗೆ ಹೋಗುವ ಅಪರೂಪದ ದಿನ, ಕಾರಿನಲ್ಲೂ ಒಂದು ಲಕೋಟೆ ಮಡಿಲಲ್ಲಿತ್ತು. ಹಿರುಮಾ ತೀರಾ ಸಣ್ಣಗಾಗಿದ್ದರು. ದನಿ ಮಾತ್ರ ಹಾಗೇ ಇತ್ತು, ಅಷ್ಟು ಸಣ್ಣ ಮೈಯಿಂದ ರೈಗೊರೊ ಮಾತಾಡಿದಂತಿತ್ತು.

"ಆ ಹುಡುಗ ನಂಗೆ ಹೇಳ್ತಾನೇ ಇಲ್ಲ," ಅಂದರು. ಹುಡುಗ ಎಂದರೆ ಉಶಿಜಿಮಾ. "ಕೊನೇಲಿ ರೈಗೊರೊ ಸತ್ತಿದ್ದಾನಾ, ಬದುಕಿದ್ದಾನಾ? ಬದುಕಿರೋನು ಹೇಳೋ ಹಾಗೆ ಹೇಳಿದ್ದೀನಿ ನಾನು. ಅವನು ಆಮೇಲೆ ದೆವ್ವ ಗಿವ್ವ ಮಾಡ್ಬಿಟ್ರೆ?"

"ಬದುಕಿದ್ದಾನೆ," ಅಂದರು ಸೊಮೆಯಾ-ಸಾನ್.

"ನಿಮಗೆ ಹೆಂಗೆ ಗೊತ್ತು?"

"ಆ ಹಾಳೆ ನನ್ನ ಮೇಜಿನ ಮೇಲಿಂದ ತಾನೇ ಹೋಗೋದು? ನಾನು ನೋಡ್ಕೋತೀನಿ. ಬದುಕಿಯೇ ಬರ್ತಾನೆ."

ಹಿರುಮಾ ಆಗಸ್ಟ್‌ನಲ್ಲಿ ತೀರಿಕೊಂಡರು. ೧೦೮೬ನೇ ದೃಶ್ಯದ ಹಾಳೆಗಳು ಸೆಪ್ಟೆಂಬರ್‌ನಲ್ಲಿ ಆ ಮೇಜಿಗೆ ಬಂದವು. ನಾಲ್ಕು ಸಲ ವಾಪಸ್ಸು ಹೋದವು. ನಾಲ್ಕು ಸಲ. ಐದನೇ ಸಲಕ್ಕೆ ಚೀಟಿಯಿಲ್ಲದೆ ಬಂದಾಗ ನಾನು ಲಕೋಟೆಯನ್ನು ಎದೆಗೊತ್ತಿಕೊಂಡು ಮೆಟ್ಟಿಲಿಳಿದೆ.

ನವೆಂಬರ್ ಶುರುವಾಯಿತು. ಸಿನಿಮಾ ಡಿಸೆಂಬರ್ ಮೊದಲ ಶನಿವಾರಕ್ಕೆ ಎಂದು ಸ್ಟೇಷನ್‌ಗಳಲ್ಲೆಲ್ಲ ಪೋಸ್ಟರು ಬಿದ್ದಿದ್ದವು. ಆಗ ಉಶಿಜಿಮಾ ಬಂದು, "ನಾಗುಮೊ-ಸಾನ್, ರೈಗೊರೊ ಎಡಗಡೆಯಿಂದ ಬರೋದು ಬೇಡ, ಬಲಗಡೆಯಿಂದ ಬರ್ಲಿ. ಮುಂದಿನ ದೃಶ್ಯದಲ್ಲಿ ಹೊಳೆ ಈ ಕಡೆ ಇದೆ," ಅಂದ. ತಿಂಡಿ ತಟ್ಟೆ ಇತ್ತ ಸರಿಸಿ ಎಂದು ಹೇಳಿದ ಹಾಗೆ ಹೇಳಿದ. ಹೊಸದಾಗಿ ಬರೆಯಲು ಆರು ದಿನ ಬೇಕು. ಆರು ದಿನ ಎಲ್ಲಿಂದ ತರಲಿ? ರೈಗೊರೊ ಆ ದೃಶ್ಯದಲ್ಲಿ ಹುಟ್ಟನ್ನು ಕತ್ತಿನ ಹಿಂದೆ ಎರಡೂ ಹೆಗಲ ಮೇಲೆ ಅಡ್ಡ ಇಟ್ಟು, ಎರಡೂ ಕೈ ಅದರ ಮೇಲೆ ಇಳಿಬಿಟ್ಟು ಬರುತ್ತಾನೆ. ಎಡಬಲ ಎರಡೂ ಒಂದೇ. ಹಾಗಾದರೆ ಕಂಪ್ಯೂಟರಿನಲ್ಲಿ, ಕನ್ನಡಿಯಲ್ಲಿ ಕಂಡ ಹಾಗೆ, ಇಡೀ ಚಿತ್ರವನ್ನೇ ಮಗುಚಿದರೆ? ಒಂದು ಗುಂಡಿ ಒತ್ತಿದರೆ ಮುಗಿಯಿತು. ಉಪಾಯ ನನ್ನದೇ. ಮಗುಚಿಸಿದೆ, ಉಶಿಜಿಮಾ ಬೆನ್ನು ತಟ್ಟಿದ, ಆ ದಿನವಿಡೀ ನಾನು ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಸೋಮವಾರ ಬೆಳಿಗ್ಗೆ ಮುಗಿದಷ್ಟು ದೃಶ್ಯಗಳನ್ನು ಜೋಡಿಸಿ ಎಲ್ಲರೂ ಕೂತು ನೋಡಿದೆವು. ಹೊಗೆಯೊಳಗಿಂದ ರೈಗೊರೊ ಬಂದ. ಕತ್ತಲಲ್ಲಿ ಹಿರುಮಾ ಅವರ ದನಿ, "ಬಾ, ದಾಟಿಸ್ತೀನಿ" ಅಂದಿತು. ಯಾರೋ ಮೂಗು ಸೀಟಿದರು. ಹಿಂದಿನ ಸಾಲಿನಿಂದ ಸೊಮೆಯಾ-ಸಾನ್ ಅಂದರು.

"ನಿಲ್ಸಿ. ಹಿಂದಕ್ಕೆ ಹೋಗಿ. ಅಲ್ಲೇ. ಅಂಗಿ ನೋಡಿ."

ನೋಡಿದೆವು. ಚಿತ್ರ ಮಗುಚಿದಾಗ ನಿಲುವಂಗಿಯೂ ಮಗುಚಿತ್ತು. ಎಡ ಅಂಚು ಕೆಳಗೆ, ಬಲ ಅಂಚು ಮೇಲೆ. ನಮ್ಮಲ್ಲಿ ಬದುಕಿರುವವರು ಯಾರೂ ಹಾಗೆ ಉಡುವುದಿಲ್ಲ. ಹೆಣಕ್ಕೆ ಉಡಿಸುವುದು ಹಾಗೆ. ಎರಡು ವರ್ಷದ ಮಗು ತಪ್ಪಾಗಿ ಸುತ್ತಿಕೊಂಡರೂ ಅಜ್ಜಿಯರು ಥಟ್ಟನೆ ಕೈ ತಡೆಯುತ್ತಾರೆ.

ಮೊದಲು ಚೇತರಿಸಿಕೊಂಡವನು ಉಶಿಜಿಮಾ. ಆ ಮಹಾರಾಯನಿಗೆ ಖುಷಿಯಾಗಿತ್ತು.

"ಇರ್ಲಿ ಬಿಡಿ. ಇದೇ ಚೆನ್ನಾಗಿದೆ. ಬದುಕಿದ್ದಾನಾ, ದೆವ್ವ ಆಗಿ ಬಂದಿದ್ದಾನಾ? ಜನ ವರ್ಷಗಟ್ಟಲೆ ಮಾತಾಡ್ತಾರೆ. ನಾನು ಬೇಕಂತ ಮಾಡಿದ್ರೂ ಇಷ್ಟು ಚೆನ್ನಾಗಿ ಬರ್ತಿರ್ಲಿಲ್ಲ."

"ಅದು ಸತ್ತೋರ ಮಡಿಕೆ," ಅಂದರು ಸೊಮೆಯಾ-ಸಾನ್.

"ಅದಕ್ಕೇ ಚೆನ್ನಾಗಿದೆ ಅಂದಿದ್ದು."

"ಹಿರುಮಾ-ಸಾನ್ ಬದುಕಿರೋನ ಮಾತು ಹೇಳಿದ್ದು."

"ಸೊಮೆಯಾ-ಸಾನ್, ನಿಮ್ಮ ಚೀಟಿ ಹಾಳೆಗೆ ಅಂಟಿಸಿ, ಕಥೆಗೆ ಬೇಡ," ಅಂದ ಉಶಿಜಿಮಾ. ಒರಟಾಗಿ ಹೇಳಲಿಲ್ಲ, ನಗುತ್ತಲೇ ಹೇಳಿದ. ದೀಪ ಹಾಕಿದರು, ಎಲ್ಲರೂ ತಂತಮ್ಮ ಮೇಜಿಗೆ ಹೋದರು.

ನಾನು ಅವರ ಮೇಜಿನ ಹತ್ತಿರ ಹೋಗಿ ಕೈಮುಗಿಯುವುದೊಂದು ಬಾಕಿ. ಇನ್ನೂ ಅರವತ್ತು ದೃಶ್ಯ ಬಾಕಿ ಇವೆ, ನಿರ್ದೇಶಕ ಒಪ್ಪಿದ್ದು ಮುಗಿಯಿತು, ಇದೊಂದು ಸಲ ಬಿಟ್ಟುಬಿಡಿ ಎಂದು ಬೇಡಿದೆ. ಅವರು ಡ್ರಾಯರ್ ತೆಗೆದು ಒಂದು ಅರ್ಜಿ ಕೊಟ್ಟರು. ಮಂಗಳವಾರದಿಂದ ಮೂರು ದಿನ ರಜೆ.

"ಈಗ ರಜೆನಾ? ಈಗ? ಎಲ್ಲಿಗೆ ಹೋಗ್ತೀರಿ?"

"ಎಲ್ಲಿಗೂ ಇಲ್ಲ. ಇಲ್ಲೇ ಕೂತಿರ್ತೀನಿ. ಅಂಗಿ ತಿದ್ದೋದು ಆಫೀಸಿನ ಕೆಲಸ ಅಲ್ಲ ಅಂದ್ರಲ್ಲ, ಅದಕ್ಕೆ ರಜೆ."

ಹೀಗೆ, ಉಳಿದ ಅರವತ್ತು ದೃಶ್ಯಗಳು ಕಣ್ಣೆದುರು ಬಿದ್ದಿರುವಾಗ, ನನ್ನ ಅತಿ ಮುಖ್ಯದ ಕೆಲಸಗಾರ್ತಿ ರಜೆ ಹಾಕಿ ತನ್ನ ಮೇಜಿನಲ್ಲೇ ಬಂದು ಕೂತರು. ಯಾರಾದರೂ ಲಕೋಟೆ ತಂದರೆ, "ಇವತ್ತು ನಾನಿಲ್ಲ" ಅನ್ನುತ್ತಿದ್ದರು. ನಾನು ಕಿಟಕಿಯ ಹತ್ತಿರ ಹೋಗಿ ಎಲೆಕೋಸುಗಳನ್ನು ನೋಡುತ್ತ ನಿಂತು, ವಾಪಸ್ಸು ಬರುತ್ತಿದ್ದೆ. ಬಣ್ಣ ತುಂಬುವವರಿಗೆ ೧೦೮೬ರ ಹಾಳೆ ಗುರುವಾರ ಮಧ್ಯಾಹ್ನದೊಳಗೆ ಹೋಗಲೇಬೇಕು. ಹೋಗದಿದ್ದರೆ ಹಳೆಯದೇ ಗತಿ.

ಬುಧವಾರ ಇನ್ನು ತಡೆಯಲಾರೆ ಎನಿಸಿ ಜಗಳಕ್ಕೇ ಹೋದೆ. ಮೇಜಿನ ಮೇಲೆ ಹಾಳೆಗಳು ಹರಡಿದ್ದವು. ಪ್ರತಿ ಹಾಳೆಯಲ್ಲೂ ಅಂಗಿಯ ಎದೆ ಅಳಿಸಿ ಹೊಸದಾಗಿ ಬರೆದಿದ್ದರು. ಎಲ್ಲದರಲ್ಲೂ ಬಲ ಅಂಚು ಮೇಲೆ. ಹೆಣದ ಮಡಿಕೆ.

"ಇದೇನು, ಉಲ್ಟಾ ಬರ್ದಿದ್ದೀರಲ್ಲ."

"ನೀನು ಮಗುಚ್ತೀಯಲ್ಲ. ಮಗುಚಿದ್ರೆ ಸರಿಹೋಗತ್ತೆ." ತಲೆ ಎತ್ತಲಿಲ್ಲ. "ಕೈ ಬರಲ್ಲ ಅನ್ನತ್ತೆ, ನಾಗುಮೊ-ಕುನ್. ನಲವತ್ತು ವರ್ಷ ಎಡ ಮೇಲೆ ಬರೆದ ಕೈ ಇದು. ಒಂದೊಂದು ಹಾಳೆಗೂ ಬೈದು ಬರಿಸ್ತಿದ್ದೀನಿ."

ಸಿನಿಮಾದಲ್ಲಿ ಅವನು ಬದುಕಿ ಬರಬೇಕೆಂದರೆ ಕಾಗದದ ಮೇಲೆ ನೂರನಾಲ್ಕು ಸಲ ಹೆಣದ ಅಂಗಿ ತೊಡಿಸಬೇಕಿತ್ತು. ಆ ಫೆಬ್ರವರಿಯಲ್ಲಿ ನನ್ನ ತಂದೆ ತೀರಿಹೋಗಿದ್ದರು. ಬಿಳಿ ಅಂಗಿ ಉಡಿಸುವಾಗ ನನ್ನ ಕೈ ಅಭ್ಯಾಸಬಲದಿಂದ ಎಡ ಅಂಚನ್ನು ಮೇಲೆ ತಂದಿತ್ತು. ಶವಸಂಸ್ಕಾರದವರು ಏನೂ ಅನ್ನದೆ ನನ್ನ ಕೈ ಸರಿಸಿ ಬಲ ಅಂಚನ್ನು ಮೇಲೆ ತಂದರು. ಅಪ್ಪ ಸತ್ತಿದ್ದಾರೆ ಎಂದು ನನಗೆ ನಿಜವಾಗಿ ಗೊತ್ತಾದದ್ದು ಆಗ. ಅಂಥವನು ಒಂಬತ್ತು ತಿಂಗಳು ಕಳೆಯುವುದರೊಳಗೆ ಗುಂಡಿ ಒತ್ತಿಸಿ, ಅದನ್ನು ನೋಡಿ, ಗಮನಿಸದೆ ಬೆನ್ನು ತಟ್ಟಿಸಿಕೊಂಡಿದ್ದೆ. ನನ್ನ ಮೇಲೆ ನನಗೇ ಬಂದ ಸಿಟ್ಟನ್ನು ತೀರಿಸಿಕೊಳ್ಳಲು ಬೇರೆ ಜಾಗ ಕಾಣದೆ, "ಗುರುವಾರ ಹನ್ನೆರಡು ಗಂಟೆ. ಒಂದು ನಿಮಿಷ ತಡ ಆದ್ರೂ ತಗೊಳಲ್ಲ," ಎಂದು ಗದರಿ ಬಂದೆ.

ಗುರುವಾರ ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಲಕೋಟೆ ಬಂತು. ಅವರು ಅನ್ನದುಂಡೆಯನ್ನು ಬಿಚ್ಚುತ್ತ, "ಆಯ್ತಪ್ಪ," ಅಂದರು. ಎಂದಿನಂತೆ ಹಳದಿ ಚೀಟಿಯೊಂದು ಅಂಟಿತ್ತು. ಇನ್ನೂ ಏನು ತಕರಾರೋ ಎಂದು ರೇಗಿ, ಓದದೆ ಕಿತ್ತು ಜೇಬಿಗೆ ತುರುಕಿಕೊಂಡು ಬಣ್ಣದವರ ಹತ್ತಿರ ಓಡಿದೆ. ಉಶಿಜಿಮಾಗೆ ಹೇಳಲಿಲ್ಲ. ಅವನು ಒಪ್ಪಿ ಆಗಿದ್ದ ದೃಶ್ಯವನ್ನು ಮತ್ತೆ ತೆಗೆದು ನೋಡುವಷ್ಟು ಪುರಸೊತ್ತು ಅವನಿಗಿರಲಿಲ್ಲ. ಹಳೆಯದರ ಜಾಗದಲ್ಲಿ ಹೊಸದನ್ನು ಇಡಿಸಿದೆ. ಕೆಲಸ ಹೋದರೆ ಹೋಗಲಿ ಎಂದೇನೂ ಅಂದುಕೊಳ್ಳಲಿಲ್ಲ. ಹೋಗದಿರಲಿ ಎಂದೇ ಬೇಡಿಕೊಂಡೆ.

ಹೊರಗಿನವರಿಗೆ ತೋರಿಸುವ ಮೊದಲು ಕೆಲಸ ಮಾಡಿದವರಷ್ಟೇ ಕೂತು ಪೂರ್ತಿ ಸಿನಿಮಾ ನೋಡುವ ಪದ್ಧತಿ ನಮ್ಮಲ್ಲಿದೆ. ಹಿರುಮಾ ಅವರ ಹೆಂಡತಿ ಮಿತ್ಸುಯೆ-ಸಾನ್ ಅವರನ್ನೂ ಕರೆದಿದ್ದೆವು. ಕಪ್ಪು ಉಡುಪಿನಲ್ಲಿ ಬಂದು ಉಶಿಜಿಮಾ ಪಕ್ಕ ಕೂತರು. ೧೦೮೬ ಬರುವ ಹೊತ್ತಿಗೆ ನಾನು ತೆರೆಯನ್ನು ಬಿಟ್ಟು ಉಶಿಜಿಮಾನ ಕತ್ತಿನ ಹಿಂಭಾಗವನ್ನೇ ನೋಡುತ್ತಿದ್ದೆ. ಹೊಗೆ, ಮೌನ, ನಡಿಗೆ. ಎಡ ಅಂಚು ಮೇಲೆ. ಆ ಕತ್ತು ಒಮ್ಮೆ ನೆಟ್ಟಗಾಯಿತು.

ದೀಪ ಬಂದಾಗ ಅವನು ನನ್ನ ಕಡೆ ತಿರುಗಿ ಬಾಯಿ ತೆರೆದ. ಅಷ್ಟರಲ್ಲಿ ಮಿತ್ಸುಯೆ-ಸಾನ್ ಅವನ ತೋಳು ಮುಟ್ಟಿದರು.

"ಬದುಕಿದ್ದಾನೆ ಅಲ್ವಾ?" ಅಂದರು. "ಕೊನೆ ದಿನಗಳಲ್ಲಿ ಇವ್ರು ಅದನ್ನೇ ಹೇಳ್ತಿದ್ರು. ಸೊಮೆಯಾ-ಸಾನ್ ನೋಡ್ಕೋತಾರಂತೆ, ಬದುಕಿ ಬರ್ತಾನಂತೆ ಅಂತ. ಸುಮ್ನೆ ಸಮಾಧಾನಕ್ಕೆ ಹೇಳಿರ್ತಾರೆ ಅಂದ್ಕೊಂಡಿದ್ದೆ ನಾನು."

ಉಶಿಜಿಮಾ ಬಾಯಿ ಮುಚ್ಚಿದ. ಎದ್ದು ನಿಂತು ಅವರಿಗೆ ಬಗ್ಗಿ ನಮಸ್ಕರಿಸಿ, "ಹೌದು, ಬದುಕಿದ್ದಾನೆ," ಅಂದ. ಆಮೇಲೆ ಪತ್ರಿಕೆಗಳಲ್ಲೆಲ್ಲ ರೈಗೊರೊ ಬದುಕಿಯೇ ಬರಬೇಕೆಂಬುದು ತನ್ನ ಮೊದಲ ದಿನದ ಹಟವಾಗಿತ್ತು ಎಂದು ಹೇಳಿಕೊಂಡ. ನಾನು ಓದಿ ಹಲ್ಲು ಕಡಿದೆ.

ಸಿನಿಮಾ ಬಿಡುಗಡೆಯಾಗಿ ನಾಲ್ಕನೇ ದಿನ ಫೋನು ಶುರುವಾಯಿತು. ಕಿವಿ. ರೈಗೊರೊನ ತುದಿ ಹಾರಿದ ಎಡಗಿವಿ ಕೊನೆಯ ದೃಶ್ಯದಲ್ಲಿ ಬಲಗಿವಿಯಾಗಿದೆ. ಚಿತ್ರ ಮಗುಚಿದಾಗ ಕಿವಿಯೂ ಮಗುಚಿತ್ತು, ಅಷ್ಟೇ. ಜನ ಬಿಡುತ್ತಾರೆಯೇ? ಬಂದವನು ರೈಗೊರೊ ಅಲ್ಲ, ಅವನ ಅವಳಿ ತಮ್ಮ ಅಂದರು. ಅಲ್ಲ, ನೀರಿನಲ್ಲಿ ಬಿದ್ದ ಬಿಂಬ ಅಂದರು. ಉಶಿಜಿಮಾ ಅದಕ್ಕೂ ಗಂಭೀರವಾಗಿ, "ನೋಡಿದವರು ಯೋಚಿಸಲಿ" ಎಂದುಬಿಟ್ಟ. ಅರವತ್ತು ಹಾಳೆಯ ಕಿವಿಯನ್ನು ವಾಪಸ್ಸು ಕಳಿಸಿದ ಹೆಂಗಸು ನೂರನಾಲ್ಕು ಹಾಳೆಯ ಕಿವಿಯನ್ನು ಬಿಟ್ಟಿದ್ದರು. ಇಪ್ಪತ್ತನಾಲ್ಕು ವರ್ಷದ ಸೇಡು ತೀರಿಸಿಕೊಳ್ಳುವ ದಿನ ಬಂತೆಂದು ನಾನು ಎರಡೆರಡು ಮೆಟ್ಟಿಲು ಹಾರಿ ಹೋದೆ.

"ಸೊಮೆಯಾ-ಸಾನ್, ಕಿವಿ ನಿಮ್ಮ ಕಣ್ಣಿಗೆ ಬೀಳ್ಲಿಲ್ವಾ?"

"ಬಿತ್ತು. ಅವತ್ತು ಎಲ್ಲರೂ ಕೂತು ನೋಡ್ದಾಗಲೇ ಬಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ನಲ್ಲ." ಹಾಳೆ ಹೊರಳಿಸುವ ಕೈ ನಿಲ್ಲಲಿಲ್ಲ. "ಕಿವಿಗೆ ಇನ್ನೊಂದು ದಿನ ಬೇಕಿತ್ತು. ನೀನು ಹನ್ನೆರಡು ಗಂಟೆ ಅಂದೆ. ಒಂದಕ್ಕೆ ಮಾತ್ರ ಹೊತ್ತಿತ್ತು. ಗಾಯ ಆ ಕಡೆ ಇದ್ರೇನು, ಈ ಕಡೆ ಇದ್ರೇನು, ಬದುಕಿರೋನಿಗೆ ತಾನೇ ಗಾಯ."

ಮನೆಗೆ ಹೋಗಿ ನವೆಂಬರ್‌ನಲ್ಲಿ ಹಾಕಿದ್ದ ಕೋಟಿನ ಜೇಬು ತಡಕಿದೆ. ಚೀಟಿ ಮುದುರಿಕೊಂಡು ಅಲ್ಲೇ ಇತ್ತು. ಸಣ್ಣ ನೆಟ್ಟನೆಯ ಅಕ್ಷರ. "ಕಿವಿ ತಪ್ಪಾಗಿದೆ, ನೂರನಾಲ್ಕು ಹಾಳೆ. ಗೊತ್ತಿದ್ದೂ ಬಿಟ್ಟಿದ್ದೇನೆ. ನಾಗುಮೊ-ಕುನ್, ಇನ್ನೊಂದು ದಿನ ಸಿಗುವುದಾದರೆ ಹೇಳು. ಸೊಮೆಯಾ."

ಆ ಗುರುವಾರ ಬಣ್ಣದವರ ಹತ್ತಿರ ನಾನು ಓಡಿಹೋದಾಗ, ಅವರ ಯಂತ್ರ ಕೆಟ್ಟು ಕೂತಿತ್ತು. ಲಕೋಟೆಯನ್ನು ಅವರು ಬಿಚ್ಚಿದ್ದೇ ಶನಿವಾರ. ನಾನು ಅಲ್ಲೇ ನಿಂತು ಅವರಿಗೆ ಬೈದು ಬಂದಿದ್ದೆ. ಚೀಟಿ ಜೇಬಿನಲ್ಲಿತ್ತು.